ದಾಸಮ್ಮನ ಹಲ್ಲು ಸೆಟ್ಟು

ಆ ದಿನ ಬೆಳಗ್ಗೆ ಹೊಳವನಹಳ್ಳಿಯಲ್ಲಿ ಕಾರ್ತಿಕದ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಬಸ್ ಸ್ಟಾಪಿನ ಅರಳಿಮರಕ್ಕೆ ಬುಡವೊಂದೇ ಉಳಿದು ಮೇಲಿನದೆಲ್ಲ ಮಾಯವಾಗಿತ್ತು. ಕೊರಟಗೆರೆ ಕಡೆಯ ಬಸ್ಸು ಮೊದಲು ಬರೀ ಹಾರನ್ನಾಗಿ ಬಂತು, ಆಮೇಲೆ ಎರಡು ದೀಪವಾಯಿತು, ಕೊನೆಗೆ ಬಸ್ಸಾಗಿ ನಿಂತಿತು. ಎದುರಿನ ಹಲ್ಲಿನ ಕ್ಲಿನಿಕ್ಕಿನ ಷಟರ್ ಎತ್ತಿದ ಜಯಕ್ಕ, ನರಸಿಂಹಸ್ವಾಮಿಯ ಪಟಕ್ಕೆ ಊದುಕಡ್ಡಿ ಹಚ್ಚಿ, ಅದರ ಹೊಗೆ ಪಕ್ಕದ ದರ್ಗಾದ ಕ್ಯಾಲೆಂಡರಿಗೂ ತಾಗುವ ಹಾಗೆ ಒಂದು ಸುತ್ತು ಹೆಚ್ಚಾಗಿಯೇ ಬೆಳಗಿದಳು. ಅದು ಅವಳ ನಿತ್ಯದ ಪೂಜೆ.

ಕ್ಲಿನಿಕ್ಕು ಡಾಕ್ಟರ್ ಬುಷ್ರಾ ಅವರದು. ಶಿರಾದಲ್ಲಿ ಹುಟ್ಟಿ ಬೆಳೆದು ಈ ಊರಿಗೆ ಬಂದು ನೆಲೆಸಿದವರು. ಹಲ್ಲು ಕೀಳುವುದಕ್ಕಿಂತ ಗುಟ್ಟು ಕೀಳುವುದರಲ್ಲೇ ಅವರಿಗೆ ಹೆಸರು ಹೆಚ್ಚು. ಮಧುಗಿರಿಯ ಮಂಡಿಯೊಂದರಲ್ಲಿ ಬೆಲ್ಲ ಕದಿಯುತ್ತಿದ್ದವನನ್ನು, ಅವನೇ ಆಸೆಗೆ ಕಚ್ಚಿಬಿಟ್ಟ ಅಚ್ಚಿನ ಮೇಲಿನ ಹಲ್ಲಿನ ಗುರುತಿನಿಂದ ಹಿಡಿದುಕೊಟ್ಟ ಮೇಲೆ, ಹಲ್ಲು ನೋವಿಲ್ಲದವರೂ ಅವರ ಬಾಗಿಲು ತಟ್ಟುತ್ತಿದ್ದರು. ಅವತ್ತು ದೀಪ ಹಿಡಿದವಳು, ಇವತ್ತಿಗೂ ಹಿಡಿಯುವವಳು ಸಹಾಯಕಿ ಜಯಕ್ಕನೇ.

ಮಂಜಿನೊಳಗಿಂದ ಒಂದು ಆಟೋ ಬಂದು ನಿಂತಿತು. ಕೆರೆ ಬೀದಿಯ ಜಯಣ್ಣ, ಅವನ ಹೆಂಡತಿ ಮಂಗಳಾ ಇಬ್ಬರೂ ಸೇರಿ ಮುದುಕಿ ದಾಸಮ್ಮನನ್ನು ಇಳಿಸಿದರು. ಸುತ್ತಲ ಊರುಗಳ ಮದುವೆಗಳಲ್ಲಿ ಸೋಬಾನೆ ಪದ ಎತ್ತಿಕೊಡುತ್ತಿದ್ದ ದಾಸಮ್ಮ ಇವಳೇನಾ? ಸೀರೆಯೊಳಗೆ ಮೈಯೇ ಇರಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡೇ ಒಳಗೆ ಬಂದಳು.

"ಡಾಕ್ಟ್ರಮ್ಮ, ನೀವು ಮಾಡ್ಕೊಟ್ಟಿದ್ದ ಹಲ್ಲು ಸೆಟ್ಟು ಕಳದೋಯ್ತು," ಎಂದ ಜಯಣ್ಣ. "ಶುಕ್ರವಾರದೊಳಗೆ ಇನ್ನೊಂದು ಆಗ್ತದಾ? ಮನೇಲಿ ಮದ್ವೆ. ಮಗಳು ಪ್ರಿಯಾಂಕನ್ನ ನಮ್ಮಕ್ಕನ ಮಗ ಅರುಣ್ ಕುಮಾರನಿಗೇ ಕೊಡ್ತಾ ಇದೀವಿ. ಅವ್ವ ಸೋಬಾನೆ ಹೇಳ್ದಿದ್ರೆ ಅದು ಮದ್ವೆ ಮನೆ ಅನ್ಸಕಿಲ್ಲ ಕಣಮ್ಮ."

"ಹೆಂಗೆ ಕಳೀತು?"

"ಬಚ್ಚಲಲ್ಲಿ ಜಾರಿ..." ಎಂದ ಜಯಣ್ಣ.

"ಮಂಚದಿಂದ ಬಿದ್ದು..." ಎಂದಳು ಮಂಗಳಾ, ಅದೇ ಉಸಿರಿನಲ್ಲಿ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜಯಣ್ಣ, "ಅಕ್ಕ ಅಂಗಂದ್ಲು. ನಾನು ತೋಟದಲ್ಲಿದ್ದೆ. ಬಿದ್ದಾಗ ಸೆಟ್ಟು ಈಚೆಗೆ ಬಂತಂತೆ, ನಾಯಿ ಕಚ್ಕೊಂಡೋಯ್ತಂತೆ. ಹಲ್ಲಿಲ್ವಲ್ಲ, ಊಟಾನೇ ಸೇರಲ್ಲ, ಅದ್ಕೇ ಇಂಗೆ ಒಣಗ್ಬುಟ್ಟವ್ಳೆ," ಎಂದ.

ಡಾಕ್ಟರು ದಾಸಮ್ಮನನ್ನು ಕುರ್ಚಿಯಲ್ಲಿ ಒರಗಿಸಿ, ಎಡಗೈಯಿಂದ ಗದ್ದ ಮೆಲ್ಲಗೆ ಹಿಡಿದು, ಬಲಗೈಯಲ್ಲಿ ಕನ್ನಡಿ ಆಡಿಸಿದರು. ಜಯಕ್ಕ ದೀಪ ಬಾಗಿಸಿದಳು. ಕೆನ್ನೆಗೆ ಬಳಿದ ಅರಿಸಿನವನ್ನು ಹತ್ತಿಯಿಂದ ಒರೆಸಿದಾಗ ಅದರಡಿ ಹಸಿರುಗಟ್ಟಿದ ಕಲೆಗಳು ಎದ್ದವು. ಬಲಗೆನ್ನೆಯ ಮೇಲೆ ಒಂದೇ ಒಂದು, ದುಂಡಗೆ. ಎಡಗೆನ್ನೆಯ ಮೇಲೆ ಮೂರು, ಸಾಲಾಗಿ. ಮೇಲ್ದುಟಿ ಎತ್ತಿದರೆ, ತುಟಿಯನ್ನು ಒಸಡಿಗೆ ಕಟ್ಟಿಹಾಕಿದ ಸಣ್ಣ ತೊಗಲಿನ ಎಳೆ ಹರಿದು, ಅರ್ಧ ಮಾಗಿ, ಇನ್ನೂ ಕೆಂಪಗಿತ್ತು.

"ಎಕ್ಸರೇ ತೆಗೀಬೇಕು. ನೀವಿಬ್ರೂ ಹೊರಗೆ ಕೂತಿರಿ," ಎಂದರು ಡಾಕ್ಟರು. ಬಾಗಿಲು ಮುಚ್ಚಿದ ಮೇಲೆ ಸ್ಟೂಲು ಎಳೆದುಕೊಂಡು ಮುದುಕಿಯ ಕೈ ಹಿಡಿದರು. "ಅಜ್ಜೀ, ಇದು ಬಿದ್ದ ಗಾಯ ಅಲ್ಲ. ಯಾರೋ ನಿನ್ನ ಬಾಯಿಂದ ಸೆಟ್ಟು ಕಿತ್ಕೊಂಡಿದಾರೆ. ಯಾರು?"

ದಾಸಮ್ಮ ಸೆರಗನ್ನು ಇನ್ನೂ ಬಿಗಿಯಾಗಿ ಒತ್ತಿಕೊಂಡಳು. ಕಣ್ಣಿಂದ ನೀರು ಇಳಿಯಿತು, ಬಾಯಿಂದ ಹೆಸರು ಇಳಿಯಲಿಲ್ಲ.

"ಹಿರಿಯರಿಗೆ ಅಂತ ಸರ್ಕಾರದ ಸಹಾಯವಾಣಿ ಇದೆ. ನೀನು ಹೂಂ ಅಂದ್ರೆ ಈಗ್ಲೇ ಫೋನ್ ಮಾಡ್ತೀನಿ."

"ಬ್ಯಾಡ," ಎಂದಳು ಮುದುಕಿ. ಎರಡು ಸಲ ತಲೆ ಅಲ್ಲಾಡಿಸಿದಳು. "ಬ್ಯಾಡ ಕಣವ್ವ."

ಆಟೋ ಹೋದ ಮೇಲೆ ಜಯಕ್ಕನಿಗೆ ತಡೆಯಲಾಗಲಿಲ್ಲ. "ಇದ್ರಲ್ಲಿ ಪತ್ತೆ ಮಾಡಕ್ಕೆ ಏನೈತಮ್ಮ? ಸೊಸೇದೇ ಕೈವಾಡ. ಅತ್ತೆಗೆ ಬರೀ ಹಿಸುಕಿದ ಬಾಳೆಹಣ್ಣು, ನೆನೆಸಿದ ಅವಲಕ್ಕಿ ಹಾಕ್ತಾಳಂತೆ, ಬೀದಿಯೆಲ್ಲಾ ಮಾತಾಡ್ತದೆ. ನೋಡಿದ್ರಲ್ಲ, ಹೆಂಗೆ ನಡುಗ್ತಿದ್ಲು!"

"ಜಯಕ್ಕಾ, ಮುದ್ದೇನ ನೀನು ಅಗೀತೀಯಾ?"

"ಥೂ, ಮುದ್ದೆ ಯಾರಾದ್ರೂ ಅಗೀತಾರಾ? ನುಂಗೋದು."

"ಮತ್ತೆ ಹಲ್ಲಿಲ್ದಿದ್ರೆ ಊಟ ಯಾಕೆ ನಿಲ್ಬೇಕು? ಮುದ್ದೆ ಉಣ್ಣೋ ಸೀಮೇಲಿ ಬೋಡುಬಾಯಿ ಅಜ್ಜಿಯರು ನಮಗಿಂತ ಚೆನ್ನಾಗೇ ಉಣ್ತಾರೆ. ಹರಿದ ಗಾಯಕ್ಕೆ ಉಪ್ಪು ಖಾರದ ಸಾರು ತಾಗಿದ್ರೆ ಪ್ರಾಣ ಹೋಗ್ತದೆ. ಅದು ಗೊತ್ತಿದ್ದವರು ಬಾಳೆಹಣ್ಣು ಹಿಸುಕಿ ಕೊಡ್ತಾರೆ. ಇನ್ನೊಂದು ಮಾತು. ಸೊಸೆ ಕಿತ್ತಿದ್ರೆ ಅತ್ತೆ ಸುಮ್ನೆ ಇರ್ತಿದ್ಲಾ? ಹಲ್ಲಿಲ್ದಿದ್ರೂ ಇಷ್ಟೊತ್ತಿಗೆ ಕೊರಟಗೆರೆವರೆಗೂ ಕೇಳಿಸ್ತಿತ್ತು."

ಜಯಕ್ಕನಿಗೆ ನಗು ಬಂತು. ನಗು ಮುಗಿಯುವಷ್ಟರಲ್ಲಿ ಭಯವೂ ಬಂತು. ಮುದುಕಿ ಇನ್ನೊಂದು ತಿಂಗಳು ಹೀಗೇ ಒಣಗಿದರೆ ಉಳಿಯುವುದಿಲ್ಲ. ಇದನ್ನು ಮಾಡಿದವರು ಯಾರೋ ಆ ಮನೆಯಲ್ಲೇ, ಅವಳ ಪಕ್ಕದಲ್ಲೇ ಕೂತಿದ್ದಾರೆ.

"ನಾಳೆ ಕೆರೆ ಬೀದೀಲಿ ಹಲ್ಲಿನ ಕ್ಯಾಂಪು," ಎಂದರು ಡಾಕ್ಟರು ಇದ್ದಕ್ಕಿದ್ದ ಹಾಗೆ ಎದ್ದು ನಿಂತು. ಅವರ ಕಣ್ಣು ಮಿನುಗುತ್ತಿತ್ತು. "ಪ್ರತಿ ವರ್ಷ ಸಂಕ್ರಾಂತಿ ಮುಗಿದ ಮೇಲೆ ಮಾಡ್ತೀವಲ್ಲ, ಈ ಸಲ ಮುಂಚೆ. ಜಯಣ್ಣನ ಜಗಲಿ ಮೇಲೇ."

ಮರುದಿನ ಕೆರೆ ಬೀದಿಯ ಆ ಜಗಲಿ ಸಂತೆಯಾಯಿತು. ಚಪ್ಪರಕ್ಕೆಂದು ತಂದ ಹೊಂಗೆ ಸೊಪ್ಪು ಮೂಲೆಯಲ್ಲಿ ಬಿದ್ದಿತ್ತು. ಎಲ್ಲರಿಗಿಂತ ಮುಂದೆ ಓಡಾಡುತ್ತಿದ್ದವಳು ದಾಸಮ್ಮನ ಮಗಳು, ಜಯಣ್ಣನ ಅಕ್ಕ ವರಲಕ್ಷ್ಮಿ. ಪಾವಗಡದ ಆಚೆ ವಳ್ಳೂರಿಗೆ ಕೊಟ್ಟ ಹೆಣ್ಣು, ಮದುವೆ ಕೆಲಸಕ್ಕೆಂದು ತಿಂಗಳಿಂದ ತವರಿನಲ್ಲೇ ಇದ್ದಳು. ಆ ಕಡೆಯ ತೆಲುಗು ಅವಳ ಮಾತಿನಲ್ಲಿ ಒಗ್ಗರಣೆಯ ಹಾಗೆ ಚಟಪಟಿಸುತ್ತಿತ್ತು.

"ಅಯ್ಯೋ ದೇವುಡಾ, ನಮ್ಮಮ್ಮನ್ನ ನೋಡಿ ಡಾಕ್ಟ್ರಮ್ಮ! ನಾನು ಬಂದು ನೋಡ್ಕೊಳ್ದೇ ಹೋಗಿದ್ರೆ ಇಷ್ಟೊತ್ತಿಗೆ ಏನಾಗ್ತಿತ್ತೋ ಏಮೋ," ಎನ್ನುತ್ತ ಮಂಗಳಾಳ ಕಡೆ ಒಂದು ನೋಟ ಎಸೆದು, ತಾಯಿಯ ಬಾಯಿಗೆ ಬಲಗೈಯಿಂದ ಒಂದು ಗುಟುಕು ಹಾಲು ಕುಡಿಸಿದಳು. ಬೀದಿಯ ಹೆಂಗಸರು, ಮಗಳೆಂದರೆ ಹೀಗಿರಬೇಕೆಂದು ಲೊಚಗುಟ್ಟಿದರು. ದಾಸಮ್ಮ ಕಣ್ಣು ಮುಚ್ಚಿಕೊಂಡು ನುಂಗಿದಳು.

ಡಾಕ್ಟರು ಮನೆಯವರನ್ನೇ ಮೊದಲು ಕೂರಿಸಿದರು. ಜಯಕ್ಕ ಟಾರ್ಚು ಹಿಡಿದಳು. "ಎಲ್ರೂ ಹಲ್ಲುಪುಡಿ ಹಾಕಿ ಬಟ್ಟಲು ಬೆಳಗಿದಂಗೆ ಉಜ್ತೀರಾ," ಎಂದು ಗೊಣಗುತ್ತಲೇ ಒಬ್ಬೊಬ್ಬರ ಬಾಯಿಯನ್ನೂ ನೋಡಿ ಜೋರಾಗಿ ಹೇಳುತ್ತ ಹೋದರು. "ಜಯಣ್ಣ, ಎಡಗಡೆ ಕೋರೆಹಲ್ಲಿನ ಬುಡ ಸವೆದು ಕಚ್ಚು ಬಿದ್ದಿದೆ. ಮಂಗಳಾ, ನಿನಗೂ ಎಡಗಡೇನೇ. ವರಲಕ್ಷ್ಮಮ್ಮ, ನಿಮಗೆ ಬಲಗಡೆ. ಮೆತ್ತಗೆ ಉಜ್ಜಿ ತಾಯಿ."

ಆ ಹೊತ್ತಿಗೆ ಜಯಕ್ಕನ ಮೊಣಕೈ ತಾಗಿ ಹತ್ತಿಯ ಡಬ್ಬ ಜಗಲಿಯಿಂದ ಜಾರಿತು. ವರಲಕ್ಷ್ಮಿ ಮಿಂಚಿನ ಹಾಗೆ ಕೈ ಚಾಚಿ ಅದನ್ನು ಎಡಗೈಯಲ್ಲಿ ಹಿಡಿದು, ಬಲಗೈಗೆ ಬದಲಾಯಿಸಿ, ಮರ್ಯಾದೆಯಾಗಿ ಕೊಟ್ಟಳು. "ಚುರುಕು ಕಣಕ್ಕಾ ನೀವು," ಎಂದು ಮೆಚ್ಚಿದಳು ಜಯಕ್ಕ.

ಡಾಕ್ಟರು ಕೈ ತೊಳೆಯಲು ಏಳುತ್ತಿದ್ದರು. ಅಲ್ಲಿಯವರೆಗೂ ಗೋಡೆಗೆ ಒರಗಿ ಮಾತಿಲ್ಲದೆ ನಿಂತಿದ್ದ ಮಂಗಳಾ ಒಳಗೆ ಹೋಗಿ ಮಗಳನ್ನು ರಟ್ಟೆ ಹಿಡಿದು ಕರೆತಂದಳು.

"ಇವಳ ಹಲ್ಲೂ ಒಂದ್ಸಲ ನೋಡಿ ಡಾಕ್ಟ್ರಮ್ಮ."

"ಮದುಮಗಳಿಗೇನು, ಮುತ್ತಿನಂಥ ಹಲ್ಲು," ಎಂದು ವರಲಕ್ಷ್ಮಿ ಅಡ್ಡ ಬಂದಳು. "ಹದಿನೆಂಟು ತುಂಬಿ ಮೂರು ತಿಂಗಳಾಯ್ತು, ಇನ್ನೇನು ನೋಡೋದು? ಹೋಗೇ ಒಳಕ್ಕೆ."

"ನೋಡಿ," ಎಂದಳು ಮಂಗಳಾ ಮತ್ತೊಮ್ಮೆ. "ಮೊದ್ಲೂ ನೀವೇ ನೋಡಿದ್ರಿ."

ಡಾಕ್ಟರು ಹುಡುಗಿಯ ಬಾಯನ್ನು ನೋಡಿದ್ದು ಅರೆಗಳಿಗೆ. ಅವಳ ಮುಖವನ್ನು ನೋಡಿದ್ದೇ ಹೆಚ್ಚು. ಆಮೇಲೆ ಎದ್ದು, ಬೀದಿಯ ಕೊನೆಯ ಬೇವಿನ ಮರದವರೆಗೂ ನಡೆದುಹೋಗಿ ಫೋನು ಕಿವಿಗಿಟ್ಟರು. ವಾಪಸು ಬಂದಾಗ ಜಯಕ್ಕನ ಕಿವಿಯಲ್ಲಿ ಅಂದದ್ದು ಇಷ್ಟೇ: "ದೊಡ್ಡವರಾದ್ರೆ ಕೇಳ್ಬೇಕು. ಮಕ್ಕಳ ವಿಷಯದಲ್ಲಿ ಯಾರ ಒಪ್ಪಿಗೆಯೂ ಬೇಕಿಲ್ಲ. ಹತ್ತು ಒಂಬತ್ತು ಎಂಟಕ್ಕೆ ಫೋನ್ ಮಾಡಿದೀನಿ."

ಮಧ್ಯಾಹ್ನ ಇಳಿಯುವ ಹೊತ್ತಿಗೆ ಒಂದು ಜೀಪು ಬಂತು. ಮಕ್ಕಳ ಸಹಾಯವಾಣಿಯ ಹುಡುಗಿಯೊಬ್ಬಳು, ಠಾಣೆಯ ಮಹಿಳಾ ಪೇದೆಯೊಬ್ಬಳು ಇಳಿದರು. ಬೀದಿಯವರನ್ನು ಹೊರಗೆ ನಿಲ್ಲಿಸಿ ನಡುಮನೆಯಲ್ಲಿ ಚಾಪೆ ಹಾಸಿದರು. ದಾಸಮ್ಮ ಕಂಬಕ್ಕೆ ಒರಗಿ ಕೂತಳು. ಜಯಣ್ಣ, ಮಂಗಳಾ, ಪ್ರಿಯಾಂಕ ಒಂದು ಕಡೆ, ವರಲಕ್ಷ್ಮಿ ಇನ್ನೊಂದು ಕಡೆ. ಜಯಕ್ಕ ಬಾಗಿಲ ಬಳಿ ನಿಂತಳು.

"ಏನಮ್ಮ ಇದೆಲ್ಲ? ಮದ್ವೆ ಮನೆಗೆ ಪೊಲೀಸಾ!" ಎಂದು ವರಲಕ್ಷ್ಮಿ ಸಿಡಿದಳು.

"ಐದು ನಿಮಿಷ ಕೇಳಿ ಅಮ್ಮ," ಎಂದರು ಡಾಕ್ಟರ್ ಬುಷ್ರಾ. ಅವರ ದನಿ ಯಾವಾಗಿನಂತೆ ತಣ್ಣಗಿತ್ತು. "ಮನುಷ್ಯ ಬಿದ್ರೆ ಗದ್ದ, ಮೂಗು, ಹುಬ್ಬು ಒಡೀತದೆ, ಅಂಗೈ ತರಚುತ್ತೆ. ಎದ್ದು ಕಾಣೋ ಮೂಳೆಗಳಿಗೆ ಏಟು. ಮೆತ್ತಗಿರೋ ಕೆನ್ನೆಗೆ, ಅದೂ ಎರಡೂ ಕಡೆ, ಏಟು ಬೀಳಲ್ಲ. ಅಜ್ಜಿಯ ಅಂಗೈ ನೋಡ್ದೆ, ಒಂದು ಗೀರೂ ಇಲ್ಲ. ಮೇಲಿನ ಸೆಟ್ಟು ಅಂಗುಳಕ್ಕೆ ಅಂಟಿ ಕೂತಿರ್ತದೆ, ಸುಮ್ನೆ ಬಿದ್ದೋಗಲ್ಲ. ಹಾಕ್ಕೊಳ್ಳೋರಿಗೆ ಅದನ್ನ ಸಡಿಲಿಸೋ ಉಪಾಯ ಗೊತ್ತು. ಗೊತ್ತಿಲ್ದೋರು ಹಿಡಿದೆಳೆದ್ರೆ ತುಟಿಯೊಳಗಿನ ಎಳೆ ಹರಿದೋಗ್ತದೆ. ಹರಿದಿತ್ತು. ನಿಮ್ಮಲ್ಲೊಬ್ರು ಅಜ್ಜಿಯ ಗದ್ದ ಹಿಡಿದು ಸೆಟ್ಟು ಕಿತ್ರು."

ಡಾಕ್ಟರು ಬಾಗಿಲ ಕಡೆ ತಿರುಗಿದರು.

"ಜಯಕ್ಕಾ, ಇಲ್ಲಿ ಬಾ. ನನ್ನ ಗದ್ದ ಹಿಡಿ. ಎಡಗೈಯಲ್ಲಿ."

ಜಯಕ್ಕ ಹೆದರುತ್ತ ಹಿಡಿದಳು.

"ಹೆಬ್ಬೆಟ್ಟು ನನ್ನ ಯಾವ ಕೆನ್ನೆ ಮೇಲಿದೆ?"

"ಎಡಗೆನ್ನೆ."

"ಈಗ ಬಲಗೈಯಲ್ಲಿ ಹಿಡಿ."

"ಹೆಬ್ಬೆಟ್ಟು ಬಲಗೆನ್ನೆಗೆ ಬಂತು," ಎಂದಳು ಜಯಕ್ಕ. ಅರಿಸಿನದಡಿಯ ಕಲೆಗಳು ಅವಳ ಕಣ್ಣಮುಂದೆ ಬಂದವು. ಬಲಗಡೆ ಒಂದು, ಎಡಗಡೆ ಮೂರು.

"ಮುಂದೆ ನಿಂತು ಹಿಡಿದ್ರೂ ಅಷ್ಟೆ, ಹಿಂದಿನಿಂದ ಹಿಡಿದ್ರೂ ಅಷ್ಟೆ. ನಾನು ದಿನಾ ಎಡಗೈಯಲ್ಲಿ ಹಿಡಿದು, ಕೆಲಸಾನ ಬಲಗೈಯಲ್ಲಿ ಮಾಡ್ತೀನಿ. ಈ ಕೆಲಸ ಮಾಡಿದವರು ಬಲಗೈಯಲ್ಲಿ ಹಿಡಿದು, ಎಡಗೈಯಲ್ಲಿ ಕಿತ್ತಿದಾರೆ. ಸಿಟ್ಟು ಬಂದಾಗ ಕೈ ಪಾಠ ಮರೀತದೆ, ಹುಟ್ಟಿದ ಹಾಗೆ ಓಡ್ತದೆ. ಅಂದ್ರೆ ಅವರು ಎಡಚರು."

"ನಮ್ಮನೇಲಿ ಯಾರಮ್ಮ ಎಡಚರು?" ಎಂದ ಜಯಣ್ಣ ತಬ್ಬಿಬ್ಬಾಗಿ. "ಎಲ್ರೂ ಬಲಗೈಯಲ್ಲೇ ಉಣ್ಣೋದು."

"ಹೌದಪ್ಪ. ನಮ್ಮಲ್ಲಿ ಎಡಗೈಯಲ್ಲಿ ಉಣ್ಣಕ್ಕೆ ಬಿಡಲ್ಲ, ಕೊಡಕ್ಕೆ ಬಿಡಲ್ಲ, ತಗೊಳ್ಳಕ್ಕೆ ಬಿಡಲ್ಲ. ಮಗು ಎಡಗೈ ಚಾಚಿದ್ರೆ ಕೈ ಮೇಲೆ ಏಟು. ಹಂಗಾಗಿ ಊಟ ನೋಡಿದ್ರೆ ಗೊತ್ತಾಗಲ್ಲ. ಆದ್ರೆ ಬಚ್ಚಲಲ್ಲಿ ಒಬ್ರೇ ನಿಂತು ಹಲ್ಲುಜ್ಜೋವಾಗ ಯಾರೂ ನೋಡಲ್ಲ, ಯಾರೂ ಹೊಡಿಯಲ್ಲ. ಬಲಗೈಯವರು ಉಜ್ಜಿ ಉಜ್ಜಿ ಎಡಗಡೆ ಹಲ್ಲು ಸವೆಸ್ತಾರೆ, ಎಡಗೈಯವರು ಬಲಗಡೆ. ಅದು ಸಾಕ್ಷಿ ಅಲ್ಲ, ಬರೀ ದಾರಿ. ಬೆಳಗ್ಗೆ ಡಬ್ಬ ಬಿದ್ದಾಗ ಆ ದಾರಿ ಕೂಡ್ತು. ಹಿಡಿದಿದ್ದು ಎಡಗೈ, ಕೊಟ್ಟಿದ್ದು ಬಲಗೈ."

ಜಯಕ್ಕ ನಿಧಾನವಾಗಿ ಕತ್ತು ತಿರುಗಿಸಿದಳು. ವರಲಕ್ಷ್ಮಿ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಿದ್ದಳು.

"ಸುಳ್ಳು!" ಎಂದಳು. "ಹೆತ್ತ ಮಗಳು ನಾನು! ಅಮ್ಮನ ಹಲ್ಲು ತಗೊಂಡು ನಾನೇನು ಮಾಡ್ಲಿ?"

"ಅದನ್ನ ನನಗೆ ಹೇಳಿದ್ದು ಪ್ರಿಯಾಂಕನ ಬಾಯಿ. ಕೊರೊನಾ ಎರಡನೇ ಸಲ ಬಂದು ಇಳಿದ ಮಳೆಗಾಲ ನೆನಪಿದೆಯಾ ಮಂಗಳಾ? ಮಾಸ್ಕ್ ತೆಗೀಬೇಕು ಅಂದ್ರೆ ಈ ಹುಡುಗಿ ಕ್ಲಿನಿಕ್ ತುಂಬಾ ಓಡಾಡಿದ್ಲು. ಅವತ್ತು ಇವಳ ಕೊನೆಯ ಹಾಲುಹಲ್ಲು ಕಿತ್ತಿದ್ದು ನಾನು. ದವಡೆ ಹಲ್ಲು. ಅದು ಉದುರೋದು ಹನ್ನೊಂದು, ಬಹಳ ತಡ ಆದ್ರೆ ಹನ್ನೆರಡಕ್ಕೆ. ಅದಾಗಿ ನಾಲ್ಕು ವರ್ಷ. ಹನ್ನೆರಡೇ ಇಟ್ಕೊಂಡ್ರೂ ಇವತ್ತಿಗೆ ಹದಿನಾರು. ಹಲ್ಲಿನ ಲೆಕ್ಕ ಅನುಮಾನಕ್ಕೆ ಸಾಕು, ತೀರ್ಮಾನಕ್ಕಲ್ಲ. ಅದ್ಕೆ ಇವರು ಶಾಲೇಲಿ ವಿಚಾರಿಸ್ಕೊಂಡೇ ಬಂದ್ರು."

"ಹದಿನೈದು ತುಂಬಿ ಹದಿನಾರು ನಡೀತಿದೆ," ಎಂದಳು ಸಹಾಯವಾಣಿಯ ಹುಡುಗಿ. "ಹತ್ತನೇ ಕ್ಲಾಸು. ಶುಕ್ರವಾರ ಮದುವೆ ನಡೆಯಲ್ಲ. ನಡೆಸಿದವರೆಲ್ಲ ಜೈಲಿಗೆ ಹೋಗಬೇಕಾಗುತ್ತೆ."

"ಅಜ್ಜಿ ಬೇಡ ಅಂದಿರ್ಬೇಕು," ಎಂದರು ಡಾಕ್ಟರು. "ಶಾಲೆಗೆ ಹೋಗಿ ಹೇಳ್ತೀನಿ ಅಂದಿರ್ಬೇಕು. ಸೋಬಾನೆ ಹೇಳೋ ದಾಸಮ್ಮ ಬೋಡುಬಾಯಲ್ಲಿ ಹೊಸ್ತಿಲು ದಾಟಲ್ಲ ಅಂತ ಮಗಳಿಗೆ ಗೊತ್ತಿತ್ತು. ಅಜ್ಜಿ ಯಾಕೆ ಹೆಸರು ಹೇಳ್ಲಿಲ್ಲ ಅಂದ್ರೆ, ಅದು ಸ್ವಂತ ಹೊಟ್ಟೇಲಿ ಹುಟ್ಟಿದ ಹೆಸರು. ಇನ್ನು ಮಂಗಳಾ. ಮನೇಲಿ ಬಾಯಿ ಬಿಡಕ್ಕೆ ಆಗ್ದೆ, ಮಗಳ ಬಾಯನ್ನೇ ತಂದು ನನ್ನ ಮುಂದೆ ತೆರೆದ್ಲು. ಈ ದೂರು ಕೊಟ್ಟಿದ್ದು ನಾನಲ್ಲ, ಅವಳು."

ಮಂಗಳಾ ಸೆರಗು ಬಾಯಿಗೆ ತುರುಕಿಕೊಂಡು ಬಿಕ್ಕಿದಳು. ಜಯಕ್ಕನಿಗೆ ಮುಖ ಎತ್ತಲಾಗಲಿಲ್ಲ. ಹೋಗಿ ಅವಳ ಪಕ್ಕ ಕೂತು ಬೆನ್ನ ಮೇಲೆ ಕೈಯಿಟ್ಟಳು.

ಜಯಣ್ಣ ನೆಲ ನೋಡುತ್ತ ಹೇಳಿದ: "ಅಕ್ಕ ಹೆಣ್ಣು ಕೇಳಿದ್ಲು. ಸೋದರತ್ತೆ, ಅವಳ ಹಕ್ಕು. ಇಲ್ಲ ಅನ್ನಕ್ಕೆ ಬಾಯೇ ಬರ್ಲಿಲ್ಲ. ಅವ್ವನಿಗೆ ಇಂಗೆ ಮಾಡವ್ಳೆ ಅಂತ ದೇವ್ರಾಣೆಗೂ ಗೊತ್ತಿರ್ಲಿಲ್ಲ."

"ನಾನು ಪರೀಕ್ಷೆ ಬರೀಬೇಕು ಅಂತ ಎಲ್ರಿಗೂ ಹೇಳ್ದೆ," ಎಂದಳು ಪ್ರಿಯಾಂಕ. "ಅಜ್ಜಿ ಒಬ್ಳೇ ಕೇಳಿಸ್ಕೊಂಡಿದ್ದು."

ಆ ಮಾತಿಗೆ ವರಲಕ್ಷ್ಮಿಯ ಬಿಗಿ ಸಡಿಲವಾಯಿತು. "ಮದ್ವೆ ಮುಗಿದ ತಕ್ಷಣ ಕೊಡೋಣ ಅಂತಿದ್ದೆ," ಎಂದಳು, ಯಾರಿಗೆ ಹೇಳುತ್ತಿದ್ದಾಳೆಂದು ತಿಳಿಯದ ಹಾಗೆ. "ಅರುಣನಿಗೆ ಎಲ್ಲೂ ಹೆಣ್ಣು ಕುದುರ್ತಿರ್ಲಿಲ್ಲ. ಇದೂ ಕೈತಪ್ಪುತ್ತೆ ಅಂತ ಕಣ್ಣು ಕತ್ತಲೆ ಬಂತು. ಅಷ್ಟು ಜೋರಾಗಿ ಎಳೀತೀನಿ ಅಂತ... ನನಗೇ ಗೊತ್ತಾಗ್ಲಿಲ್ಲ."

ಪೇದೆ ಮುದುಕಿಯ ಮುಂದೆ ಮಂಡಿಯೂರಿದಳು. "ಅಜ್ಜೀ, ನಿನ್ನ ವಿಷಯ ನಿನಗೆ ಬಿಟ್ಟಿದ್ದು. ಮಗಳ ಮೇಲೆ ಕಂಪ್ಲೇಂಟ್ ಕೊಡ್ತೀಯಾ?"

ದಾಸಮ್ಮ ಸೆರಗಿನ ಹಿಂದಿನಿಂದಲೇ, ಒಂದೊಂದು ಅಕ್ಷರವನ್ನೂ ಒಸಡಿನಲ್ಲಿ ಒತ್ತಿ ಹೇಳಿದಳು: "ಮೊದ್ಲು ನನ್ನ ಹಲ್ಲು ಕೊಡ್ಸು. ಆಮ್ಯಾಕೆ ಮಾತಾಡ್ತೀನಿ."

ವರಲಕ್ಷ್ಮಿ ಎದ್ದು ಒಳಕೋಣೆಗೆ ಹೋದಳು. ಟ್ರಂಕಿನ ಮುಚ್ಚಳ ತೆರೆದ ಸದ್ದು ಬಂತು. ಒಂದು ಸಣ್ಣ ಸ್ಟೀಲ್ ಡಬ್ಬಿ ಹಿಡಿದು ಬಂದಳು. ಡಾಕ್ಟರು ಮುಚ್ಚಳ ತೆಗೆದು ನೋಡಿದರು. ಸೆಟ್ಟು ನೀರಿನಲ್ಲಿ ಮುಳುಗಿತ್ತು. ನೀರು ತಿಳಿಯಾಗಿತ್ತು, ಅವತ್ತೇ ಬದಲಾಯಿಸಿದಂತಿತ್ತು. ಒಣಗಲು ಬಿಟ್ಟಿದ್ದರೆ ಸೊಟ್ಟಗಾಗಿ ಯಾರಿಗೂ ಕೂರದೆ ಹೋಗುತ್ತಿತ್ತು. ಅವರು ಡಬ್ಬಿಯನ್ನು ಅವಳಿಗೇ ವಾಪಸು ಕೊಟ್ಟರು.

ವರಲಕ್ಷ್ಮಿ ತಾಯಿಯ ಮುಂದೆ ಕುಕ್ಕುರುಗಾಲಿನಲ್ಲಿ ಕೂತಳು. ಚಾಚಿದ್ದು ಎಡಗೈ. ಅರಿವಾಗಿ, ಚಿಕ್ಕಂದಿನ ಏಟು ಇನ್ನೂ ಕಾದಿದೆಯೇನೋ ಎಂಬಂತೆ, ಅದನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡು ಡಬ್ಬಿಯನ್ನು ಬಲಗೈಗೆ ಬದಲಾಯಿಸಲು ಹೋದಳು.

ದಾಸಮ್ಮ ಮುಂದಕ್ಕೆ ಬಾಗಿ ಆ ಎಡಗೈಯನ್ನೇ ಹಿಡಿದುಕೊಂಡಳು, ತನ್ನ ಎರಡೂ ಕೈಗಳಲ್ಲಿ. ಅದರಿಂದಲೇ ಡಬ್ಬಿ ಇಸಿದುಕೊಂಡಳು.